ದುಡಿಯುವವನಿಗೆ ಉಲ್ಲಾಸಯಾತ್ರೆ ತಕ್ಕದ್ದೋ? ತೇಕ್ಕಡಿಯ ಕೆರೆಯ ವಿಷಯವಾಗಿ ಒಂದು ವಿಚಾರ



ಕಳೆದ ಸುಗ್ಗಿ ತೀರಿ, ರಾಗಿಯನ್ನು ಬಡಿದು ಮನೆಗೆ ತುಂಬಿಸಿಕೊಂಡ ಮೇಲೆ, ಕೊಳ್ಳೇಗಾಲದ ಸೀಮೆಯ ಒಂದು ಚಿಕ್ಕ ಸಭೆಯಲ್ಲಿ ಒಂದು ವಾದವು ಹುಟ್ಟಿತು. ಅಲ್ಲಿಯ ಯೌವನಸ್ಥರು ಹನ್ನೆರಡು ಮಂದಿ ಕೂಡಿ, ತಲೆಗೆ ಇಷ್ಟೆಂದು ಹಣ ಹಾಕಿ, ಒಂದು ವ್ಯಾನನ್ನು ಗೊತ್ತುಮಾಡಿಕೊಂಡು, ಕೇರಳ ಸೀಮೆಯ ತೇಕ್ಕಡಿ ಎಂಬಲ್ಲಿರುವ ಕೆರೆಯನ್ನೂ ಅದರ ಸುತ್ತಣ ಅಡವಿಯನ್ನೂ ನೋಡಿಬರಬೇಕೆಂದು ನಿಶ್ಚಯಿಸಿದ್ದರು. ಈ ಸಮಾಚಾರವು ಹಿರಿಯರ ಕಿವಿಗೆ ಬಿದ್ದ ಸಂಜೆ ಮಂದಿರದ ಜಗಲಿಯ ಮೇಲೆ ದೊಡ್ಡ ಮಾತುಕತೆಯಾಯಿತು.

ಹಿರಿಯರಲ್ಲಿ ಒಬ್ಬರು, ಎಪ್ಪತ್ತು ದಾಟಿದವರು, ಹೀಗಂದರು: "ನಮ್ಮಪ್ಪನ ಕಾಲದಲ್ಲಿ ಮರ ಕಡಿದರೆ ಕೂಲಿ ಕೊಡುತ್ತಿದ್ದರು. ಈಗ ಮರ ನೋಡಿದ್ದಕ್ಕೆ ನಾವೇ ಕೂಲಿ ಕೊಟ್ಟು ಬರಬೇಕೋ? ಬೆಟ್ಟವೂ ಮರವೂ ನೀರೂ ಇಲ್ಲಿ ಇಲ್ಲವೇ?" ಅದಕ್ಕೆ ಹುಡುಗರಲ್ಲಿ ಒಬ್ಬನು, "ದೊಡ್ಡಪ್ಪ, ಪಟ್ಟಣದವರು ಹೋದರೆ ಅದು ಪ್ರವಾಸ, ನಾವು ಹೋದರೆ ಪೋಲಿತನವೋ? ಹೊಲದಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಹೊಲಕ್ಕೆ ತಿರುಗುವದಕ್ಕೆ ನಾವೇನು ಎತ್ತುಗಳೇ?" ಅಂದನು. ಮಾತು ಬೆಳೆಯಿತು. ಹನ್ನೆರಡು ಮಂದಿಯಲ್ಲಿ ಒಬ್ಬನ ತಂದೆಯು ಬಿತ್ತನೆಯ ಸಾಲವನ್ನು ಇನ್ನೂ ತೀರಿಸಿರಲಿಲ್ಲ. ಆ ಸಂಗತಿಯನ್ನೂ ಯಾರೋ ಎತ್ತಿದರು, ಆ ಹುಡುಗನು ತಲೆ ತಗ್ಗಿಸಿಕೊಂಡು ಎದ್ದುಹೋದನು. ಕಡೆಗೆ ಎರಡು ಪಕ್ಷದವರೂ ನಮ್ಮ ಕಡೆಗೆ ತಿರುಗಿ, "ಅಯ್ಯನವರೇ, ನೀವು ಆ ಸ್ಥಳವನ್ನು ಕಂಡವರು. ನೀವೇ ಹೇಳಿರಿ" ಅಂದರು. ನಾವು ಆ ಸಂಜೆ ತಕ್ಕ ಉತ್ತರವನ್ನು ಕೊಡಲಾರದೆ ಹೋದೆವು. ಆ ಮೇಲೆ ಯೋಚಿಸಿದ್ದನ್ನು ಇಲ್ಲಿ ಬರೆಯುತ್ತೇವೆ. ಯಾಕಂದರೆ ಇಂಥಾ ಪ್ರಶ್ನೆಯು ಒಂದೇ ಊರಿನದಲ್ಲ.

ಸಾಲದ ಮಾತನ್ನು ಮೊದಲೇ ಮುಗಿಸಿಬಿಡೋಣ. ಕೊಡತಕ್ಕದ್ದನ್ನು ಕೊಡದೆ ಇನ್ನೊಬ್ಬರ ಹಣದಿಂದ ಸಂತೋಷಪಡುವದು ನ್ಯಾಯವಲ್ಲವೆಂಬದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಆ ಮಾತನ್ನು ಜಗಲಿಯ ಮೇಲೆ ಎಲ್ಲರ ಮುಂದೆ ಆಡಿದ್ದು ಕೂಡ ನ್ಯಾಯವಲ್ಲ. ಇರಲಿ.

ಉಳಿದ ಪ್ರಶ್ನೆಯು ಹೆಚ್ಚು ಕಠಿಣವಾದದ್ದು. ದುಡಿದು ತಿನ್ನುವ ಮನುಷ್ಯನು ಏನೂ ಮಾಡದೆ, ಏನೂ ತಾರದೆ, ಸುಮ್ಮನೆ ನೋಡಿ ಬರುವದಕ್ಕಾಗಿ ಒಂದು ಸ್ಥಳಕ್ಕೆ ಹೋಗಬಹುದೋ? ಹೋದರೆ ಅವನು ಆ ಸ್ಥಳಕ್ಕೆ ಏನಾದರೂ ಹೊಣೆಗಾರನೋ, ಇಲ್ಲವೆ ಚೀಟಿಯ ದುಡ್ಡು ಕೊಟ್ಟ ಕೂಡಲೆ ಅವನ ಲೆಕ್ಕ ಚುಕ್ತವಾಯಿತೋ? ಇದಕ್ಕೆ ಉತ್ತರ ಹೇಳುವ ಮುಂಚೆ ಆ ಕೆರೆಯು ಎಂಥಾದ್ದು, ಹ್ಯಾಗೆ ಉಂಟಾಯಿತು ಎಂಬದನ್ನು ತಿಳಿಯಬೇಕು. ತಿಳಿಯದೆ ಹೊಗಳಿದರೂ ಹಳಿದರೂ ವ್ಯರ್ಥ.

ಅದನ್ನು ನಾವು ಕೆರೆ ಎಂದು ಕರೆದದ್ದು ಸರಿಯಾದ ಮಾತೇ. ಯಾಕಂದರೆ ಅದು ತಾನಾಗಿ ಉಂಟಾದ ಸರೋವರವಲ್ಲ. ನಮ್ಮ ಊರ ಕೆರೆಯ ಹಾಗೆ ಹರಿಯುವ ನೀರಿಗೆ ಮನುಷ್ಯರು ಅಡ್ಡಕಟ್ಟಿದ್ದರಿಂದ ನಿಂತ ನೀರು. ಪೆರಿಯಾರ್ ಎಂಬ ಹೊಳೆಯು ಪಶ್ಚಿಮದ ಘಟ್ಟಗಳಲ್ಲಿ ಹುಟ್ಟಿ, ಮಳೆಯು ಧಾರಾಳವಾಗಿ ಬೀಳುವ ದೇಶದಲ್ಲಿಯೇ ಹರಿದು, ಅರಬ್ಬೀ ಸಮುದ್ರಕ್ಕೆ ಸೇರುವಂಥಾದ್ದು. ಘಟ್ಟದ ಆಚೆಗೆ, ಮೂಡಣ ಕಡೆಯಲ್ಲಿ, ಮಧುರೆಯ ಸೀಮೆಯು ನೀರಿಗಾಗಿ ಬಾಯಿ ಬಿಡುತ್ತಿತ್ತು. ೧೮೭೬ರಿಂದ ೧೮೭೮ರ ತನಕ ದಕ್ಷಿಣ ದೇಶವನ್ನೆಲ್ಲಾ ಸುಟ್ಟ ಮಹಾ ಬರಗಾಲವು, ನಮ್ಮ ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರವೆಂದು ಹೇಳುತ್ತಿದ್ದದ್ದು, ಆ ಸೀಮೆಯನ್ನೂ ಬಿಡಲಿಲ್ಲ. ಆ ಬರವಾದ ಮೇಲೆ, ಪಡುವಣಕ್ಕೆ ಹರಿಯುವ ಹೊಳೆಯನ್ನು ತಡೆದು, ಬೆಟ್ಟವನ್ನು ಕೊರೆದು, ನೀರನ್ನು ಮೂಡಣಕ್ಕೆ ತಿರುಗಿಸಬೇಕೆಂಬ ಹಳೆಯ ಯೋಚನೆಯು ತಿರಿಗಿ ಎದ್ದಿತು. ೧೮೮೬ನೆಯ ಅಕ್ಟೋಬರಿನಲ್ಲಿ ತಿರುವಾಂಕೂರಿನ ಮಹಾರಾಜರಿಗೂ ಬ್ರಿಟಿಷ್ ಸರಕಾರಕ್ಕೂ ಕರಾರಾಯಿತು. ಸುಮಾರು ೮೦೦೦ ಎಕರೆ ನೆಲವನ್ನು ೯೯೯ ವರ್ಷಗಳ ಗುತ್ತಿಗೆಗೆ, ಎಕರೆಗೆ ವರ್ಷಕ್ಕೆ ೫ ರೂಪಾಯಿಯಂತೆ, ಕೊಟ್ಟರು. ಒಂಭೈನೂರ ತೊಂಭತ್ತೊಂಭತ್ತು ವರ್ಷಗಳು! ಎರಡು ವರ್ಷದ ಗುತ್ತಿಗೆಗೆ ಹೊಲವನ್ನು ಹಿಡಿಯುವಾಗ ಮೂರು ಸಾರಿ ಯೋಚಿಸುವ ನಮಗೆ ಇದು ಬೆರಗನ್ನುಂಟುಮಾಡುವ ಮಾತು.

ಕೆಲಸವು ೧೮೮೭ರಲ್ಲಿ ಮೊದಲಾಗಿ ೧೮೯೫ರಲ್ಲಿ ಮುಗಿಯಿತು. ಅದನ್ನು ನಡಿಸಿದವನು ಜಾನ್ ಪೆನ್ನಿಕ್ವಿಕ್ ಎಂಬ ಇಂಜಿನಿಯರನು. ಸುಣ್ಣವನ್ನೂ ಸುಟ್ಟ ಇಟ್ಟಿಗೆಯ ಪುಡಿಯನ್ನೂ ಅರೆದು ಕಲ್ಲಿನ ಸಂಗಡ ಸೇರಿಸಿ ಕಟ್ಟಿದ ಆ ಅಣೆಕಟ್ಟು ಅಸ್ತಿವಾರದಿಂದ ೧೭೬ ಅಡಿ ಎತ್ತರವೂ ಸುಮಾರು ೧೨೦೦ ಅಡಿ ಉದ್ದವೂ ಉಳ್ಳದ್ದು. ಮಳೆಗಾಲದ ಪ್ರವಾಹವು ಕಟ್ಟಿದ್ದನ್ನು ಮತ್ತೆ ಮತ್ತೆ ಕೊಚ್ಚಿಕೊಂಡು ಹೋಯಿತು. ಹತ್ತಿರದಲ್ಲಿ ದಾರಿಯಾಗಲಿ ಊರಾಗಲಿ ಇರಲಿಲ್ಲ. ಚಳಿಜ್ವರವೂ ವಾಂತಿಭೇದಿಯೂ ಕೂಲಿಯವರಲ್ಲಿ ಅನೇಕರನ್ನು ತೆಗೆದುಕೊಂಡು ಹೋದವು. ಅಣೆಕಟ್ಟಿನ ಬಳಿಯಲ್ಲಿ ಸಮಾಧಿಸ್ಥಳವುಂಟು. ಇಂಜಿನಿಯರನ ಹೆಸರನ್ನು ತೇನಿ ಜಿಲ್ಲೆಯ ರೈತರು ಇಂದಿಗೂ ಮರೆತಿಲ್ಲ. ತಮ್ಮ ಮಕ್ಕಳಿಗೆ ಆ ಹೆಸರನ್ನು ಇಟ್ಟುಕೊಂಡವರೂ ಇದ್ದಾರೆ. ಕಲ್ಲು ಹೊತ್ತವರ ಹೆಸರುಗಳನ್ನು ಮಾತ್ರ ಯಾರೂ ಹೇಳಲಾರರು. ಈಗ ಆ ಕಟ್ಟಡವು ಹಳೆಯದಾಯಿತೆಂದು ಕೆಳಗಿನವರಿಗೆ ಭಯ, ನೀರು ಕಡಿಮೆಯಾದೀತೆಂದು ಮೂಡಣದವರಿಗೆ ಭಯ. ಆ ವ್ಯಾಜ್ಯವು ದೇಶದ ಅತ್ಯುನ್ನತ ನ್ಯಾಯಾಲಯದ ತನಕ ಹೋಗಿ, ೨೦೧೪ರಲ್ಲಿ ನೀರನ್ನು ೧೪೨ ಅಡಿಯ ತನಕ ನಿಲ್ಲಿಸಬಹುದೆಂದು ತೀರ್ಪಾಯಿತು. ಅದು ಈ ಲೇಖನದ ವಿಷಯವಲ್ಲವಾದದ್ದರಿಂದ ಅಲ್ಲಿಗೆ ಬಿಡುತ್ತೇವೆ.

ಹೀಗೆ ನೀರು ಏರಿದಾಗ ಕಣಿವೆಯಲ್ಲಿದ್ದ ಅಡವಿಯು ಮುಳುಗಿತು. ದೊಡ್ಡ ದೊಡ್ಡ ಮರಗಳು ನಿಂತಲ್ಲಿಯೇ ಸತ್ತವು. ಅವುಗಳ ಬೋಳು ಕಾಂಡಗಳು ಒಂದು ನೂರು ವರ್ಷಗಳು ದಾಟಿದರೂ ಇನ್ನೂ ನೀರಿನೊಳಗಿಂದ ಮೇಲಕ್ಕೆ ಎದ್ದು ನಿಂತಿವೆ. ಅವುಗಳ ಮೇಲೆ ನೀರುಕಾಗೆಗಳು ಗೂಡು ಕಟ್ಟುತ್ತವೆ, ರೆಕ್ಕೆ ಹರವಿ ಬಿಸಿಲು ಕಾಯಿಸಿಕೊಳ್ಳುತ್ತವೆ. ಕೆರೆಯ ಸುತ್ತಣ ಕಾಡನ್ನು ಕಾಯ್ದಿಟ್ಟ ಅಡವಿಯಾಗಿ ಮಾಡಿದರು. ೧೯೩೪ರಲ್ಲಿ ತಿರುವಾಂಕೂರಿನ ದೊರೆತನವು ಅದನ್ನು ಮೃಗಗಳ ಆಶ್ರಯಸ್ಥಾನವಾಗಿ ನೇಮಿಸಿತು. ೧೯೭೮ರಲ್ಲಿ ಅದು ಹುಲಿಗಳನ್ನು ಕಾಪಾಡುವ ಅಡವಿಗಳಲ್ಲಿ ಒಂದಾಯಿತು. ಈಗ ಅದರ ವಿಸ್ತಾರವು ೯೨೫ ಚದರ ಕಿಲೋಮೀಟರು, ಅದರಲ್ಲಿ ನೀರು ೨೬ ಚದರ ಕಿಲೋಮೀಟರಿನಷ್ಟು. ಕೆರೆಯ ಒಂದು ದಿಣ್ಣೆಯ ಮೇಲೆ ಮಹಾರಾಜರು ಬೇಸಿಗೆಯಲ್ಲಿ ಇಳಿದುಕೊಳ್ಳುತ್ತಿದ್ದ ಅರಮನೆಯಿದೆ; ಈಗ ಅದು ಹಣವುಳ್ಳ ಪ್ರವಾಸಿಗಳ ವಸತಿಗೃಹವಾಗಿದೆ. ಉಳಿದವರಿಗೆ ದೋಣಿಗಳು.

ಕೆಲವು ವರ್ಷಗಳ ಹಿಂದೆ ನಾವು ಕಾರ್ಯನಿಮಿತ್ತವಾಗಿ ಮಧುರೆಗೆ ಹೋಗಿದ್ದಾಗ, ಸಂಗಡ ಬಂದಿದ್ದ ನಮ್ಮ ಕಡೆಯ ಒಬ್ಬ ರೈತನನ್ನು ಕರಕೊಂಡು ಆ ಕೆರೆಯನ್ನು ನೋಡುವದಕ್ಕೆ ಹೋದೆವು. ತೇನಿಯಿಂದ ಕುಮಿಳಿಗೆ ಹೋಗುವ ದಾರಿಯು ಕಂಬಂ ಎಂಬ ಕಣಿವೆಯಲ್ಲಿ ಹಾದುಹೋಗುತ್ತದೆ. ಎರಡು ಕಡೆಯೂ ಗದ್ದೆ, ತೆಂಗು, ದ್ರಾಕ್ಷಿಯ ಚಪ್ಪರಗಳು. ನಮ್ಮ ಸಂಗಾತಿಯು ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಇಷ್ಟು ನೀರು ಇವರಿಗೆ ಎಲ್ಲಿಂದ?" ಎಂದು ಎರಡು ಸಾರಿ ಕೇಳಿದನು. ಘಟ್ಟದ ಬುಡದಲ್ಲಿ ಬೆಟ್ಟದಿಂದ ಇಳಿಯುವ ದೊಡ್ಡ ಕೊಳವೆಗಳನ್ನು ತೋರಿಸಿ, ನಾವು ನೋಡುವದಕ್ಕೆ ಹೋಗುವ ಕೆರೆಯ ನೀರೇ ಇದು ಎಂದು ಹೇಳಿದೆವು. ಆ ಮೇಲೆ ಅವನು ಘಟ್ಟ ಹತ್ತಿ ಮುಗಿಯುವ ತನಕ ಮಾತಾಡಲಿಲ್ಲ.

ಬೆಳಿಗ್ಗೆ ದೋಣಿಯನ್ನು ಹತ್ತಿದೆವು. ನೀರಿನ ಮೇಲೆ ಮಂಜು ಇನ್ನೂ ಇತ್ತು. ದಡದಲ್ಲಿ ಕಡವೆಗಳು ನೀರು ಕುಡಿಯುತ್ತಿದ್ದವು. ಮೂರು ನೀರುನಾಯಿಗಳು ಒಂದು ಮೀನಿಗಾಗಿ ಜಗಳವಾಡುತ್ತಾ ಮುಳುಗಿ ಎದ್ದವು. ದೂರದಲ್ಲಿ ಆನೆಗಳ ಒಂದು ಗುಂಪು ಹುಲ್ಲಿನ ಇಳಿಜಾರಿನಲ್ಲಿ ನಿಂತಿತ್ತು. ಮರಿಯು ತಾಯಿಯ ಹೊಟ್ಟೆಯ ಕೆಳಗೆ ಸೇರಿಕೊಂಡು ಕಾಣಿಸಿಯೂ ಕಾಣಿಸದೆಯೂ ಇತ್ತು. ನಮ್ಮ ರೈತನು ಆನೆಗಳನ್ನು ಅಷ್ಟಾಗಿ ಗಮನಿಸಲಿಲ್ಲ. ಆನೆಯೆಂದರೆ ಅವನಿಗೆ ರಾಗಿಯ ಹೊಲವನ್ನು ತುಳಿದ ಪ್ರಾಣಿ. ಅವನು ನೀರಿನಲ್ಲಿ ನಿಂತಿದ್ದ ಒಂದು ಬೋಳು ಮರವನ್ನು ನೋಡಿ, "ಒಳ್ಳೆಯ ತೊಲೆಯಾಗುತ್ತಿತ್ತು" ಅಂದನು. ಇನ್ನೊಂದನ್ನು ನೋಡಿ, "ಇದರಲ್ಲಿ ಎರಡು ಗಾಡಿಯ ನೊಗ ತೆಗೆಯಬಹುದಿತ್ತು" ಅಂದನು. ಮೂರನೆಯದಕ್ಕೆ ಏನೂ ಹೇಳಲಿಲ್ಲ. ಹಾಗೆಯೇ ಒಂದು ತಾಸು ಸುಮ್ಮನೆ ಕೂತಿದ್ದನು. ದಡಕ್ಕೆ ಇಳಿದ ಮೇಲೆ, ನಾವು ಕೇಳದೆ ಇದ್ದರೂ, "ಅಯ್ಯನವರೇ, ಇಷ್ಟು ಹೊತ್ತು ನನಗೆ ಮನೆಯ ಸಾಲದ ನೆನಪು ಬರಲಿಲ್ಲ" ಅಂದನು.

ಆ ಮಾತನ್ನು ನಾವು ಆಗ ನಕ್ಕು ಬಿಟ್ಟೆವು. ಈಗ ಯೋಚಿಸಿದರೆ ಹಿರಿಯರ ಪ್ರಶ್ನೆಗೆ ಅರ್ಧ ಉತ್ತರವು ಅದರಲ್ಲಿಯೇ ಉಂಟೆಂದು ತೋರುತ್ತದೆ. ಬೆಟ್ಟವೂ ಮರವೂ ನೀರೂ ಇಲ್ಲಿ ಇಲ್ಲವೇ ಎಂದು ಅವರು ಕೇಳಿದರಲ್ಲಾ? ಇವೆ. ಆದರೆ ನಾವು ಅವುಗಳನ್ನು ನೋಡುವದು ಹ್ಯಾಗೆ? ರೈತನು ಮೋಡವನ್ನು ನೋಡಿದರೆ ಬಿತ್ತನೆಯನ್ನು ನೋಡುತ್ತಾನೆ. ಮರವನ್ನು ನೋಡಿದರೆ ಸೌದೆಯನ್ನೂ ಸೊಪ್ಪನ್ನೂ ನೋಡುತ್ತಾನೆ. ಕೆರೆಯನ್ನು ನೋಡಿದರೆ ಎಷ್ಟು ಗದ್ದೆಗೆ ಎಷ್ಟು ದಿವಸ ಎಂದು ಎಣಿಸುತ್ತಾನೆ. ಅದು ತಪ್ಪಲ್ಲ, ಹಾಗೆ ನೋಡದವನು ಹೊಟ್ಟೆಗಿಲ್ಲದೆ ಹೋದಾನು. ಆದರೆ ಕಣ್ಣು ಹಗಲೆಲ್ಲಾ ಲೆಕ್ಕ ಬರೆಯುವ ಗುಮಾಸ್ತನ ಹಾಗೆ ದುಡಿಯುತ್ತಿದ್ದರೆ ಅದಕ್ಕೂ ಬಿಡುವು ಬೇಕು. ತನ್ನದಲ್ಲದ, ತಾನು ಕಡಿಯಕೂಡದ, ಮಾರಕೂಡದ ಮರವನ್ನು ನೋಡುವಾಗ ಮೊದಲು ಲೆಕ್ಕವೇ ಬರುತ್ತದೆ, ತೊಲೆ, ನೊಗ. ಆ ಮೇಲೆ ಲೆಕ್ಕವು ಸೋತುಹೋಗಿ ಮರ ಮಾತ್ರ ಉಳಿಯುತ್ತದೆ. ಮೈಗೆ ವಿಶ್ರಾಂತಿಯು ನಿದ್ರೆಯಿಂದ ಸಿಕ್ಕೀತು. ಲೆಕ್ಕ ಹಾಕುವ ಮನಸ್ಸಿಗೆ ನಿದ್ರೆಯಲ್ಲಿ ಕೂಡ ಸಾಲಗಾರನು ಬರುತ್ತಾನೆಂಬದು ಸಾಲ ಮಾಡಿದವರೆಲ್ಲರಿಗೂ ಗೊತ್ತು.

ಹಾಗಾದರೆ ಈ ಬಿಡುವು ಹಣವುಳ್ಳವರಿಗಿಂತ ಬಡವನಿಗೆ ಹೆಚ್ಚು ಬೇಕಾದದ್ದಾಗಿದೆ. ಪಟ್ಟಣದವನು ನೆರಳಿನಲ್ಲಿ ಕೂತು ದುಡಿದು, ವರ್ಷಕ್ಕೆ ಎರಡು ಸಾರಿ ಬೆಟ್ಟಕ್ಕೆ ಹೋದರೆ ಅದನ್ನು ಆರೋಗ್ಯಕ್ಕಾಗಿ ಅನ್ನುತ್ತೇವೆ. ಕೆಸರಿನಲ್ಲಿ ನಿಂತವನು ಆಯುಷ್ಯದಲ್ಲಿ ಒಂದು ಸಾರಿ ಹೋಗಬೇಕೆಂದರೆ ಅದನ್ನು ಮಾತ್ರ ಪೋಲಿತನವೆನ್ನುವದು ಯಾವ ತಕ್ಕಡಿ? ಈ ವಿಷಯದಲ್ಲಿ ಹುಡುಗರ ಮಾತು ಒರಟಾಗಿದ್ದರೂ ಸುಳ್ಳಲ್ಲ. ಆದರೂ ಎತ್ತಿನ ಮಾತನ್ನು ತೆಗೆದದ್ದರಲ್ಲಿ ಅವರು ಒಂದು ಸಂಗತಿಯನ್ನು ಮರೆತರು; ಅದನ್ನು ಮುಂದೆ ಹೇಳುತ್ತೇವೆ.

ಉತ್ತರದ ಇನ್ನರ್ಧವು ಇಷ್ಟು ಸುಲಭವಲ್ಲ. ನೋಡುವದರಲ್ಲಿಯೂ ಆಶೆಬುರುಕತನವುಂಟು. ನಮ್ಮ ದೋಣಿಯಲ್ಲಿಯೇ ಕೆಲವರು ಆನೆಗಳು ಇತ್ತ ತಿರುಗಲೆಂದು ಕೂಗಿದರು, ಸಿಳ್ಳು ಹಾಕಿದರು. ಹುಲಿ ಕಾಣಲಿಲ್ಲವೆಂದು ದೋಣಿ ನಡಿಸುವವನನ್ನು ಬೈದರು. ಅವನು ಹುಲಿಯನ್ನು ಕೊಟ್ಟಿಗೆಯಲ್ಲಿ ಕಟ್ಟಿಹಾಕಿದ್ದನೋ? ಚೀಟಿ ಕೊಂಡವನು ಕೆರೆಯನ್ನೇ ಕೊಂಡುಕೊಂಡವನಂತೆ ನಡೆಯುವದನ್ನು ಅಲ್ಲಿ ಕಣ್ಣಾರೆ ಕಂಡೆವು. ಲೆಕ್ಕದಿಂದ ಬಿಡುವು ಬೇಕೆಂದು ಹೋದವರು ಅಲ್ಲಿಯೂ ಲೆಕ್ಕವನ್ನೇ ಬಿಚ್ಚಿಕೊಂಡು ಕೂತರೆ, ಇಷ್ಟು ಕೊಟ್ಟೆನು, ಎಷ್ಟು ಕಂಡೆನು ಎಂದು, ಅವರು ಮನೆಯಿಂದ ಹೊರಟೇ ಇಲ್ಲವೆಂದು ಹೇಳಬೇಕಾದೀತು.

೨೦೦೯ನೆಯ ಸೆಪ್ಟೆಂಬರ್ ೩೦ರ ಸಂಜೆ ಆ ಕೆರೆಯಲ್ಲಿ ಒಂದು ಘೋರವಾದ ಸಂಗತಿಯು ನಡೆಯಿತು. ಪ್ರವಾಸಿಗಳು ತುಂಬಿದ್ದ, ಎರಡು ಅಂತಸ್ತಿನ ದೋಣಿಯೊಂದು ಮಗುಚಿಕೊಂಡು ೪೫ ಮಂದಿ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. ದಡದಲ್ಲಿ ಮೃಗಗಳು ಕಂಡಾಗ ಅನೇಕರು ನೋಡುವದಕ್ಕಾಗಿ ಒಂದೇ ಪಕ್ಕಕ್ಕೆ ಸರಿದದ್ದರಿಂದ ದೋಣಿಯು ವಾಲಿತೆಂದು ಆಗ ವರ್ತಮಾನಪತ್ರಗಳು ತಿಳಿಸಿದವು. ದೋಣಿಯ ರಚನೆಯಲ್ಲಿಯೂ ಅದನ್ನು ನಡಿಸಿದ ಕ್ರಮದಲ್ಲಿಯೂ ದೋಷಗಳಿದ್ದವೆಂದು ವಿಚಾರಣೆಯಲ್ಲಿ ಕಂಡುಬಂತು. ಸತ್ತವರ ಮೇಲೆ ತಪ್ಪನ್ನು ಹೊರಿಸುವದು ನಮಗೆ ಎಷ್ಟು ಮಾತ್ರವೂ ಸಲ್ಲದು. ತಂದೆಯು ತನ್ನ ಮಗುವಿಗೆ ಆನೆಯನ್ನು ತೋರಿಸಬೇಕೆಂದು ಎರಡು ಹೆಜ್ಜೆ ಪಕ್ಕಕ್ಕೆ ಹೋಗುವದು ಪಾಪವಲ್ಲ. ನಾವು ಅಲ್ಲಿದ್ದರೆ ನಾವೂ ಹೋಗುತ್ತಿದ್ದೆವು. ಆದರೆ ಒಬ್ಬೊಬ್ಬನ ಎರಡು ಹೆಜ್ಜೆಯು ಎಲ್ಲರ ಎರಡು ಹೆಜ್ಜೆಯಾದಾಗ ಏನಾಗುತ್ತದೆಂಬದನ್ನು ಆ ಸಂಜೆಯು ತೋರಿಸಿತು. ದೋಣಿಗೆ ಆದದ್ದೇ ಕಾಡಿಗೂ ಆಗುವಂಥಾದ್ದು, ಸ್ವಲ್ಪ ನಿಧಾನವಾಗಿ. ಒಬ್ಬನು ಎಸೆದ ಒಂದು ಪ್ಲಾಸ್ಟಿಕ್ ಚೀಲದಿಂದ ಕಾಡು ಕೆಡದು. ಆದರೆ ಬರುವವರೆಲ್ಲರೂ ಆ ಒಬ್ಬನೇ ಆಗಿರುತ್ತಾರೆ.

ಇನ್ನೂ ಒಂದು ಸಂಗತಿಯು ನಮ್ಮನ್ನು ಚುಚ್ಚುತ್ತದೆ. ನಾವು ಶಾಂತವಾಗಿ ಕೂತು ನೋಡುವ ಆ ಕಾಡು ಯಾರೂ ಇಲ್ಲದ ಕಾಡಾಗಿರಲಿಲ್ಲ. ಮನ್ನಾನ್, ಪಳಿಯನ್ ಎಂಬ ಬೆಟ್ಟದ ಜನರು ಅದರೊಳಗೆ ವಾಸಿಸುತ್ತಿದ್ದರು. ಗೆಡ್ಡೆಗೆಣಸು, ಜೇನು, ಮೀನು, ಅಲ್ಲಲ್ಲಿ ಕಡಿದು ಸುಟ್ಟು ಮಾಡಿದ ಸಣ್ಣ ಬೆಳೆ, ಇವೇ ಅವರ ಜೀವನ. ಕಳೆದ ಶತಮಾನದ ನಡುವಿನ ಹೊತ್ತಿಗೆ ಅವರನ್ನು ಒಳಗಿನಿಂದ ತಂದು ಕಾಡಿನ ಅಂಚಿನಲ್ಲಿ ನೆಲೆಗೊಳಿಸಿದರು. ಮೃಗಗಳಿಗೆ ಆಶ್ರಯ ಸಿಕ್ಕಿತು, ಮನುಷ್ಯರು ಆಶ್ರಯವನ್ನು ಬಿಟ್ಟು ಬಂದರು. ನಮ್ಮ ನಾಡಿನ ಕಬಿನಿಯ ಹಿನ್ನೀರಿನ ಬಳಿಯಲ್ಲಿಯೂ ನಾಗರಹೊಳೆಯಲ್ಲಿಯೂ ಜೇನುಕುರುಬರಿಗೆ ಹೆಚ್ಚು ಕಡಿಮೆ ಇದೇ ಗತಿಯಾಯಿತೆಂಬದನ್ನು ಬಲ್ಲವರು ಬಲ್ಲರು. ಹೀಗಿರುವಲ್ಲಿ, ಒಬ್ಬನನ್ನು ಎಬ್ಬಿಸಿ ತೆರವು ಮಾಡಿದ ಚಾಪೆಯ ಮೇಲೆ ನಾವು ಕೂತು, ಎಷ್ಟು ನೆಮ್ಮದಿ ಎಂದರೆ, ಆ ನೆಮ್ಮದಿಯು ಶುದ್ಧವೋ?

ನಾವು ಹೋಗದೆ ಇದ್ದರೆ ಅವರಿಗೆ ಕಾಡು ತಿರಿಗಿ ಸಿಕ್ಕುತ್ತದೋ ಎಂದು ಯಾರಾದರೂ ಕೇಳಾರು. ಸಿಕ್ಕುವದಿಲ್ಲ. ಮುಳುಗಿದ ಮರಗಳೂ ಚಿಗುರುವದಿಲ್ಲ. ಕಂಬಂ ಕಣಿವೆಯ ಗದ್ದೆಗಳನ್ನು ಒಣಗಿಸುವದು ಯಾರಿಗೂ ಬೇಕಾದದ್ದಲ್ಲ. ಆಗಿಹೋದ ಅನ್ಯಾಯವು ಒಳ್ಳೆಯದರೊಂದಿಗೆ ಹೀಗೆ ಹೆಣೆದುಕೊಂಡಿರುವಾಗ ಒಂದನ್ನು ಕಿತ್ತು ಇನ್ನೊಂದನ್ನು ಇಟ್ಟುಕೊಳ್ಳುವದು ನಮ್ಮಿಂದಾಗದು. ಆದರೆ ಅರಿತು ಹೋಗುವದಕ್ಕೂ ಅರಿಯದೆ ಹೋಗುವದಕ್ಕೂ ವ್ಯತ್ಯಾಸವುಂಟು. ನೆಂಟರ ಮನೆಗೆ ಹೋದವನು, ಈ ಅನ್ನವನ್ನು ಯಾರು ತಮ್ಮ ಪಾಲಿನಿಂದ ತೆಗೆದಿಟ್ಟರೆಂದು ಬಲ್ಲವನಾಗಿದ್ದರೆ, ಎರಡನೆಯ ಸಾರಿ ಬಡಿಸಿಕೊಳ್ಳುವಾಗ ಕೈ ಅಡ್ಡ ಹಿಡಿಯುತ್ತಾನೆ.

ಇಲ್ಲಿ ಒಂದು ಒಳ್ಳೆಯ ಸಂಗತಿಯನ್ನೂ ಹೇಳಬೇಕು, ಯಾಕಂದರೆ ಅದು ನಮ್ಮ ವಾದಕ್ಕೆ ಬೇಕಾದದ್ದಾಗಿದೆ. ಆ ಕಾಡಿನಲ್ಲಿ ವಯಣ ಎಂಬ ಮರವುಂಟು. ನಮ್ಮ ಅಡಿಗೆಯ ಚಕ್ಕೆಯ ಜಾತಿಯ ಕಾಡುಮರ. ಅದರ ತೊಗಟೆಗೆ ಬೆಲೆಯಿದ್ದದ್ದರಿಂದ, ಅಂಚಿನ ಊರುಗಳ ಕೆಲವರು ಕಳ್ಳತನದಿಂದ ಒಳಹೊಕ್ಕು, ದಿನಗಟ್ಟಲೆ ಕಾಡಿನಲ್ಲಿಯೇ ಇದ್ದು, ತೊಗಟೆಯನ್ನು ಸುಲಿದು ಹೊತ್ತು ತಂದು ಮಾರುತ್ತಿದ್ದರು. ತೊಗಟೆ ಸುಲಿದ ಮರವು ಸಾಯುತ್ತದೆ. ಕಾವಲುಗಾರರು ಹಿಡಿಯುವರು, ಮೊಕದ್ದಮೆ ಹೂಡುವರು. ವಕೀಲನ ಖರ್ಚಿಗಾಗಿ ಅವರು ತಿರಿಗಿ ತೊಗಟೆ ಸುಲಿಯುವದಕ್ಕೆ ಹೋಗುವರು. ಹೀಗೆ ನ್ಯಾಯವೇ ಕಳ್ಳತನಕ್ಕೆ ದಾರಿಯಾಗುತ್ತಿತ್ತು. ೧೯೯೬ರ ತರುವಾಯ, ಕಾಡನ್ನೂ ಜನರನ್ನೂ ಒಟ್ಟಿಗೆ ಉದ್ಧಾರಮಾಡುವ ಏರ್ಪಾಡು ಅಲ್ಲಿ ನಡೆಯುತ್ತಿದ್ದಾಗ, ಅರಣ್ಯದ ಅಧಿಕಾರಿಗಳು ಆ ಜನರೊಂದಿಗೆ ಕೂತು ಮಾತಾಡಿದರು. ಅವರು ತಮ್ಮ ಕತ್ತಿಗಳನ್ನು ಬಿಟ್ಟುಕೊಟ್ಟರು. ಕಾಡಿನ ಗುಟ್ಟಿನ ದಾರಿಗಳನ್ನು ಅವರಷ್ಟು ಬಲ್ಲವರು ಯಾರು? ಅಂದಿನಿಂದ ಅವರೇ ಪ್ರವಾಸಿಗಳನ್ನು ಕಾಲುನಡಿಗೆಯಲ್ಲಿಯೂ ಬಿದಿರಿನ ತೆಪ್ಪಗಳ ಮೇಲೆಯೂ ಕರಕೊಂಡು ಹೋಗುವ ದಾರಿಗಾರರಾಗಿ, ಕಾಡಿಗೆ ಕಾವಲಿನವರೂ ಆದರು. ಬೆಟ್ಟದ ಜನರಲ್ಲಿಯೂ ಕೆಲವರು ಅದೇ ಕೆಲಸಕ್ಕೆ ಸೇರಿದರು. ಈ ಶತಮಾನದ ಮೊದಲ ವರ್ಷಗಳಲ್ಲಿ ಅಂಚಿನ ಊರುಗಳ ಹೆಂಗಸರು ವಸಂತ ಸೇನೆ ಎಂಬ ಹೆಸರಿನಿಂದ ಕೂಡಿಕೊಂಡು, ಮನೆಗೆಲಸ ಮುಗಿಸಿ, ಕೂಲಿಯನ್ನು ಕೇಳದೆ, ಸರದಿಯ ಮೇಲೆ ಕಾಡನ್ನು ಸುತ್ತಿ ಕಾಯುವದಕ್ಕೆ ಮೊದಲುಮಾಡಿದರು.

ಇದನ್ನು ಕೇಳಿ ನಾವು ಬೇಗನೆ ಚಪ್ಪಾಳೆ ತಟ್ಟಬಾರದು. ಕಾಡನ್ನು ಸುಲಿದು ತಿನ್ನುತ್ತಿದ್ದವನು ಕಾಡನ್ನು ತೋರಿಸಿ ತಿಂದರೆ ಅವನ ಹೃದಯವು ಬದಲಾಯಿತೋ, ಕಸಬು ಮಾತ್ರ ಬದಲಾಯಿತೋ ಎಂದು ಒಬ್ಬ ಸ್ನೇಹಿತರು ನಮ್ಮನ್ನು ಕೇಳಿದರು. ಪ್ರವಾಸಿಗಳು ಬಾರದೆ ಹೋದರೆ ಅವನು ತಿರಿಗಿ ಕತ್ತಿಯನ್ನು ಹುಡುಕುವದಿಲ್ಲವೋ? ನ್ಯಾಯವಾದ ಪ್ರಶ್ನೆಯೇ. ಆದರೆ ಹೃದಯವನ್ನು ಮೊದಲು ಬದಲಾಯಿಸಿಕೊಂಡು ಬಾ, ಆ ಮೇಲೆ ಅನ್ನ ಕೊಡುತ್ತೇನೆ ಎಂದು ಹಸಿದವನಿಗೆ ಹೇಳುವವರು ತಾವು ಎಂದೂ ಹಸಿಯದವರಾಗಿರಬೇಕು. ದಿವಸವೂ ಒಂದು ಮರವನ್ನು ಹತ್ತು ಮಂದಿಗೆ ತೋರಿಸುವವನು, ಹೆಸರು ಹೇಳುವವನು, ಮುಟ್ಟಬೇಡಿರಿ ಅನ್ನುವವನು, ಹತ್ತು ವರ್ಷ ಅದೇ ಮಾತನ್ನು ಆಡಿದ ಮೇಲೆ ಆ ಮರವನ್ನು ಮೊದಲಿನ ಕಣ್ಣಿನಿಂದ ನೋಡಾನೋ? ಮಾತು ಬಾಯಿಂದ ಹೃದಯಕ್ಕೆ ಇಳಿಯುವದೂ ಉಂಟು. ಉಪದೇಶದ ಕೆಲಸದಲ್ಲಿರುವ ನಾವೇ ಇದನ್ನು ಅಲ್ಲಗಳೆದರೆ ನಮ್ಮ ಗತಿಯೇನು?

ಈಗ ಎತ್ತಿನ ಮಾತಿಗೆ ಬರೋಣ. ನಾವು ಎತ್ತುಗಳೇ ಎಂದು ಹುಡುಗನು ಕೇಳಿದನಷ್ಟೆ. ಏಳನೆಯ ದಿವಸದ ವಿಶ್ರಾಂತಿಯ ಕಟ್ಟಳೆಯನ್ನು ನಾವೆಲ್ಲರೂ ಚಿಕ್ಕಂದಿನಿಂದ ಬಾಯಿಪಾಠವಾಗಿ ಬಲ್ಲೆವು. ಅದು ಮನೆಯ ಯಜಮಾನನಿಗೆ ಮಾತ್ರ ಹೇಳಿದ್ದಲ್ಲ; ಆಳಿಗೂ, ದನಕ್ಕೂ, ಊರಿಗೆ ಬಂದ ಪರದೇಶಿಗೂ ಅದರಲ್ಲಿ ಪಾಲು ಇಡಲ್ಪಟ್ಟಿದೆ. ಎತ್ತಿಗೂ ವಿಶ್ರಾಂತಿಯು ಹಕ್ಕಾದದ್ದೆಂದು ಹೇಳಿರುವಲ್ಲಿ, ನಾವೇನು ಎತ್ತುಗಳೇ ಎಂದು ಕೇಳುವದು ಎತ್ತಿಗೆ ನ್ಯಾಯವಲ್ಲ. ಆ ಕಟ್ಟಳೆಯ ಪ್ರಕಾರ ನನ್ನ ವಿಶ್ರಾಂತಿಯು ಇನ್ನೊಬ್ಬನ ಬೆನ್ನಿನ ಮೇಲೆ ನಿಂತಿದ್ದರೆ ಅದು ವಿಶ್ರಾಂತಿಯಲ್ಲ, ಅವನ ದುಡಿಮೆಯ ಇನ್ನೊಂದು ಹೆಸರು. ನಾವು ದೋಣಿಯಲ್ಲಿ ಕೂತು ಹಾಯಾಗಿರುವಾಗ ಒಬ್ಬನು ಅದನ್ನು ನಡಿಸುತ್ತಾನೆ, ಒಬ್ಬನು ತೆಪ್ಪದ ಗಳುವನ್ನು ಊರುತ್ತಾನೆ, ಒಬ್ಬಳು ನಾವು ಉಂಡ ತಟ್ಟೆಯನ್ನು ತೊಳೆಯುತ್ತಾಳೆ. ಜನರು ಬಿಡುವಾಗಿರುವ ದಿವಸವೇ ಅವರಿಗೆ ಹೆಚ್ಚು ಕೆಲಸದ ದಿವಸ. ಹುಲಿಗಾಗಿ ಬೈಸಿಕೊಂಡ ಆ ದೋಣಿಯವನ ಮುಖವು ನಮಗೆ ಈಗಲೂ ಕಾಣಿಸುತ್ತದೆ. ಅವನ ಹೆಸರನ್ನು ನಾವು ಕೇಳಲಿಲ್ಲ. ಆನೆಗಳನ್ನು ಎಣಿಸಿದೆವು, ಹದಿನಾಲ್ಕು ಇದ್ದವು.

ಈ ವಿಚಾರಗಳನ್ನೆಲ್ಲಾ ಆ ಸಭೆಯವರಿಗೆ ಹದಿನೈದು ದಿವಸಗಳ ಮೇಲೆ ಅದೇ ಜಗಲಿಯಲ್ಲಿ ಹೇಳಿದೆವು. ಬಿತ್ತನೆಯ ಸಾಲವಿದ್ದ ಮನೆಯ ಹುಡುಗನು ತಾನು ಬರುವದಿಲ್ಲವೆಂದನು. ಉಳಿದವರು ಅವನ ಪಾಲನ್ನು ತಾವು ಹಾಕುತ್ತೇವೆಂದಾಗ, ಮುಂದಿನ ಸುಗ್ಗಿಗೆ ತಿರಿಗಿ ಕೊಡುವ ಮಾತಿನ ಮೇಲೆ ಒಪ್ಪಿಕೊಂಡನು. ಇದು ಸರಿಯೋ ಅಲ್ಲವೋ ಎಂಬದರಲ್ಲಿ ನಮ್ಮ ಮನಸ್ಸು ಇನ್ನೂ ಎರಡಾಗಿದೆ. ಎಪ್ಪತ್ತು ದಾಟಿದ ಆ ಹಿರಿಯರು ನಮ್ಮ ಮಾತನ್ನು ಕೊನೆಯ ತನಕ ಕೇಳಿ, ಒಪ್ಪಿದೆನೆಂದೂ ಅನ್ನಲಿಲ್ಲ, ಒಪ್ಪೆನೆಂದೂ ಅನ್ನಲಿಲ್ಲ. ಎಲ್ಲರೂ ಎದ್ದ ಮೇಲೆ ಹುಡುಗರಲ್ಲಿ ಒಬ್ಬನನ್ನು ಕರೆದು, "ಮಗಾ, ಹೋದಾಗ ಎರಡು ಮಾತು ಕೇಳಿಕೊಂಡು ಬಾ. ಆ ದೋಣಿ ನಡಿಸುವವನಿಗೆ ವಾರದಲ್ಲಿ ಯಾವ ದಿನ ಬಿಡುವು? ಆ ದಿನ ಅವನು ಎಲ್ಲಿಗೆ ಹೋಗುತ್ತಾನೆ?" ಅಂದರು.

ವ್ಯಾನು ಮುಂದಿನ ತಿಂಗಳು ಹೊರಡತಕ್ಕದ್ದು.